ಎಂ.ಎಸ್ಸಿ. ಫಿಸಿಕ್ಸ್‌ನಿಂದ ಸಂಶೋಧನೆಗೆ: ದಾರಿ ಹೇಗೆ?

ಭೌತಶಾಸ್ತ್ರದಲ್ಲೇ ಸಂಶೋಧನೆ ಮಾಡಬೇಕೆಂಬ ಆಸೆ ನಿಮಗಿದೆಯೇ? ಹಾಗಿದ್ದರೆ ಎಂ.ಎಸ್ಸಿ.ಯ ಎರಡು ವರ್ಷ ನಿಮ್ಮ ಗರಡಿಮನೆ.

ಇಲ್ಲಿ ನಾಲ್ಕು ವಿಷಯಗಳು ಅಡಿಪಾಯ. ಕ್ಲಾಸಿಕಲ್ ಮೆಕ್ಯಾನಿಕ್ಸ್ ಎಂದರೆ ಚೆಂಡಿನಿಂದ ಗ್ರಹದವರೆಗೆ ವಸ್ತುಗಳ ಚಲನೆ. ಕ್ವಾಂಟಂ ಮೆಕ್ಯಾನಿಕ್ಸ್ ಎಂದರೆ ಪರಮಾಣು, ಎಲೆಕ್ಟ್ರಾನ್‌ಗಳ ನಡತೆ. ಎಲೆಕ್ಟ್ರೋಡೈನಮಿಕ್ಸ್ ಎಂದರೆ ವಿದ್ಯುತ್ತು, ಕಾಂತತ್ವ, ಬೆಳಕಿನ ನಂಟು. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಎಂದರೆ ಅಸಂಖ್ಯ ಕಣಗಳು ಸೇರಿದಾಗ ಶಾಖ, ಒತ್ತಡ ಹುಟ್ಟುವ ಬಗೆ.

ಎಲ್ಲಿ ಓದುವುದು? ಮೈಸೂರಿನ ಮಾನಸಗಂಗೋತ್ರಿ, ಧಾರವಾಡ, ಮಂಗಳೂರು ಹೀಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ. ಇದೆ. ಐಐಟಿಗೆ ಹೋಗಬೇಕಾದರೆ ‘ಜ್ಯಾಮ್’ ಪರೀಕ್ಷೆ ಬರೆಯಬೇಕು. ಅದು ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ನಡೆಯುತ್ತದೆ. 3 ಗಂಟೆ, 60 ಪ್ರಶ್ನೆ, 100 ಅಂಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಜ್ಯಾಮ್ ಮೂಲಕ ಸೇರಬಹುದು. ಅಲ್ಲಿ ಬಿ.ಎಸ್ಸಿ. ಆದವರು ಸೇರಿ ಪಿಎಚ್.ಡಿ.ವರೆಗೂ ಓದಬಹುದು.

‘ಒಳ್ಳೆಯ ಅಂಕ ಬಂದರೆ ಸಾಲದೇ?’ ಸಾಲದು. ಡಿರೈವೇಶನ್, ಅಂದರೆ ಸೂತ್ರ ಸಾಧಿಸುವ ಹಂತಗಳನ್ನು ಬಾಯಿಪಾಠ ಮಾಡಿಯೂ ಅಂಕ ಗಳಿಸಬಹುದು. ಆದರೆ ಸಂಶೋಧನೆಯಲ್ಲಿ ಉತ್ತರ ಪುಸ್ತಕದ ಹಿಂದಿನ ಪುಟದಲ್ಲಿ ಇರುವುದಿಲ್ಲ. ಆದ್ದರಿಂದ ದಿನಕ್ಕೊಂದು ಹೊಸ ಲೆಕ್ಕವನ್ನು ಪುಸ್ತಕ ಮುಚ್ಚಿ ಬಿಡಿಸಿ. ಮಧ್ಯೆ ಸಿಲುಕಿಕೊಂಡರೆ, ಎಲ್ಲಿ ಸಿಲುಕಿಕೊಂಡಿರಿ ಎಂದು ಒಂದು ಸಾಲು ಬರೆದುಕೊಂಡು ಮೇಷ್ಟ್ರ ಬಳಿ ಹೋಗಿ. ‘ಏನೂ ಅರ್ಥವಾಗಲಿಲ್ಲ ಸಾರ್’ ಎಂದರೆ ಅವರಿಗೂ ಕಷ್ಟ. ‘ಈ ಹೆಜ್ಜೆ ಗೊತ್ತಾಗಲಿಲ್ಲ’ ಎಂದರೆ ಹತ್ತು ನಿಮಿಷದ ಕೆಲಸ.

ಮೊದಲ ವರ್ಷದ ಬೇಸಿಗೆ ರಜೆಯನ್ನು ಹಾಳುಮಾಡಬೇಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನೀಡುವ ಸಮ್ಮರ್ ಫೆಲೋಶಿಪ್‌ನಲ್ಲಿ ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಬಹುದು. ಭತ್ಯೆಯೂ ಸಿಗುತ್ತದೆ. ಅರ್ಜಿಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು.

ಪಿಎಚ್.ಡಿ.ಗೆ ಸಿಎಸ್‌ಐಆರ್ ನೆಟ್, ಗೇಟ್, ಜೆಸ್ಟ್ ಪರೀಕ್ಷೆಗಳಿವೆ. ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಂಥ ಕಡೆ ಪ್ರವೇಶಕ್ಕೆ ಜೆಸ್ಟ್ ಅಂಕವನ್ನು ಪರಿಗಣಿಸುತ್ತಾರೆ.

ಖರ್ಚಿನ ಚಿಂತೆಯೇ? ಆನ್‌ಲೈನ್ ಪಾಠತಾಣ ಎನ್‌ಪಿಟೆಲ್‌ನ ಪಾಠಗಳನ್ನು ಉಚಿತವಾಗಿ ನೋಡಬಹುದು. ಈ ಪರೀಕ್ಷೆಗಳ ಹಳೆಯ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲೇ ಸಿಗುತ್ತವೆ. ನೆಟ್‌ನಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ವೇತನ ಗಿಟ್ಟಿಸಿ ಪಿಎಚ್.ಡಿ. ಸೇರಿದರೆ, 2023ರ ಪರಿಷ್ಕೃತ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. ಮನೆ ಬಾಡಿಗೆ ಭತ್ಯೆ ಬೇರೆ. ಅಲ್ಲಿಂದ ಮುಂದೆ ಓದಿಗಾಗಿ ಮನೆಯವರ ಮುಂದೆ ಕೈಚಾಚಬೇಕಿಲ್ಲ.