ತಕ್ಕಡಿಗೆ ಬಂದ ತೋಟಾ!

ಹಿತ್ತಾಳೆಗೆ ಒಳ್ಳೇ ರೇಟು ಸ್ವಾಮೀ! ಹಾಗಂತ ಅಜ್ಜನ ಕಾಲದ ಪೆಟ್ಟಿಗೆಯನ್ನು ಮೆತ್ತಿನಿಂದ ಇಳಿಸಿ ಸೀದಾ ಗುಜರಿಗೆ ಹೊತ್ತು ತರಬಹುದೇ? ಹೊನ್ನಾವರದ ಗುಜರಿ ಅಂಗಡಿಯೊಂದರಲ್ಲಿ ಮೊನ್ನೆ ಸವೆದ ತಂಬಿಗೆ, ಮುರಿದ ನಲ್ಲಿಗಳ ನಡುವೆ ಹಿಡಿಯಷ್ಟು ತೋಟಾ ಉರುಳಿದವು.

"ಎಲ್ಲಾ ಖಾಲಿಯೇ ಮಾರಾಯ್ರೇ" ಅಂದ ತಂದ ಹುಡುಗ.

"ನೋಡಿದ್ಯಾ ಮಾಣಿ?"

"ನೋಡೂದೆಂತ ಇದೆ?"

ನೋಡುವುದು ಬೇಕಾದಷ್ಟಿದೆ. ಕುಮಟಾದಿಂದ ಭಟ್ಕಳದವರೆಗೆ ಘಟ್ಟದ ಬುಡದ ಅಡಿಕೆ ತೋಟಗಳಲ್ಲಿ ಹಂದಿ, ಮಂಗನ ಕಾಟಕ್ಕೆ ಲೈಸೆನ್ಸ್ ಕೋವಿ ಹಳೇ ಸಂಗತಿ. 12 ಬೋರಿನ ತೋಟಾಕ್ಕೆ ಬುಡ ಮಾತ್ರ ಲೋಹ, ಮೈ ಕಾಗದ ಇಲ್ಲವೆ ಪ್ಲಾಸ್ಟಿಕ್. ಪೂರ್ತಿ ಹಿತ್ತಾಳೆಯದೂ ಹಿಂದೆ ಬರುತ್ತಿತ್ತು. ಪಿಸ್ತೂಲಿನದು ಸಾಮಾನ್ಯವಾಗಿ ಹಿತ್ತಾಳೆಯೇ; ನೂರಕ್ಕೆ 70 ತಾಮ್ರ, 30 ಸತು.

ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸದವರು ಪಿಸ್ತೂಲಿನ ಖಾಲಿ ತೋಟಾಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಮತ್ತೆ ಮದ್ದು ತುಂಬುತ್ತಾರೆ. ಮೊದಲು ಬುಡದ ಅಚ್ಚು ಓದಿ ಬೋರು ಬೇರೆ ಮಾಡಬೇಕು. 9 ಮಿ.ಮೀ. ಪಿಸ್ತೂಲಿನದು 19 ಮಿ.ಮೀ. ಉದ್ದ, ಅದರ ತಮ್ಮನಂತಿರುವ ಪಾಯಿಂಟ್ 380ರದು ಸುಮಾರು 17. ರಾಶಿಯಲ್ಲಿ ಕಣ್ಣು ತಪ್ಪುತ್ತದೆ! ಬಾಯಿ ಸೀಳಿದ್ದು, ಬುಡದ ಹತ್ತಿರ ಬಳೆಯಂಥ ಗೆರೆ ಎದ್ದದ್ದು ಬಿಸಾಡುವುದಕ್ಕೆ. ಹಿತ್ತಾಳೆ ಪ್ರತಿ ಸಲ ಹಿಗ್ಗಿ ಕುಗ್ಗಿ ಗಡಸಾಗಿ ಕೊನೆಗೆ ಒಡೆಯುತ್ತದೆ. ಬುಡವೇ ಒಡೆದರೆ ಬೆಂಕಿ ಹೊಡೆದವನ ಮುಖಕ್ಕೇ.

ನಮ್ಮಲ್ಲಿ ಆ ಆಸೆ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ತೋಟಾ ತಯಾರಿಸಲು ಅದಕ್ಕೇ ಲೈಸೆನ್ಸು ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸು ತೋರಿಸಿದರೆ ನಡೆಯುವುದಿಲ್ಲ. 2019ರ ತಿದ್ದುಪಡಿಯ ಮೇಲೆ ಇದಕ್ಕೆ ಕನಿಷ್ಠ 7 ವರ್ಷ ಜೈಲು.

ನಾವು ಆರಿಸಬೇಕಾದ್ದು ಇಷ್ಟೇ: ಖಾಲಿ ಯಾವುದು, ಜೀವ ಇರುವುದು ಯಾವುದು? ಬುಡದ ಕೇಪಿಗೆ ಪೆಟ್ಟಿನ ಗುಳಿ ಬಿದ್ದಿದೆ, ಹಾಗಾಗಿ ಖಾಲಿ ಅಂತ ಲೆಕ್ಕ ಹಾಕಬೇಡಿ. ಠುಸ್ ಆದ ತೋಟಾಕ್ಕೂ ಗುಳಿ ಇರುತ್ತದೆ, ಮದ್ದು ಒಳಗೇ ಕೂತಿರುತ್ತದೆ. ಬಾಯಿ ನೋಡಿ. ಮುಚ್ಚಿದ್ದರೆ ಸುತ್ತಿಗೆ ತರಬೇಡಿ, ಬೆಂಕಿ ತೋರಿಸಬೇಡಿ, ಠಾಣೆಗೆ ತಿಳಿಸಿ. ಕುಲುಮೆಗೆ ಇಂಥದ್ದೊಂದು ಬಿದ್ದರೆ ಹಿತ್ತಾಳೆ ಚೂರುಚೂರಾಗಿ ಸಿಡಿಯುತ್ತದೆ. ಕಣ್ಣು ಹೋಗುವುದು ಕರಗಿಸುವವನದು, ಮಾರಿದವನದಲ್ಲ.

ಅಂದ ಹಾಗೆ, ಆ ಹಿಡಿಯಲ್ಲಿ ಬಾಯಿ ಮುಚ್ಚಿದ್ದು ಎರಡು ಸಿಕ್ಕವು. ಅಂಗಡಿಯವರು ತಂಬಿಗೆ, ನಲ್ಲಿಗಷ್ಟೇ ದುಡ್ಡು ಎಣಿಸಿದರು. ಠಾಣೆಗೆ ಫೋನು ಹೋಯಿತು. ಮಾಣಿಯ ಕುಮಟಾ ಬಸ್ಸು ತಪ್ಪಿತು.