ಕಂಬಕ್ಕೆ ಓರೆ ತಂತಿಯ ಆಸರೆ

ಶಕ್ತಿನಗರ ಎಂದೊಡನೆ ಕಣ್ಣಿಗೆ ಕಟ್ಟುವುದು ಕೃಷ್ಣೆಯ ದಂಡೆಯ ಚಿಮಣಿಗಳು. 1985ರಲ್ಲಿ ಮೊದಲ ಘಟಕ ಆರಂಭಿಸಿದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಈಗ ಎಂಟು ಘಟಕಗಳದ್ದು, 1,720 ಮೆಗಾವಾಟ್ ಸಾಮರ್ಥ್ಯದ್ದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದಾದದ್ದೂ ಈ ಜಿಲ್ಲೆಯಿಂದಲೇ. ಇಂಥ ಹೆಸರಿನ ಸೀಮೆಯಲ್ಲಿ ಯಾರೂ ತಲೆಯೆತ್ತಿ ನೋಡದ ವಸ್ತುವೊಂದಿದೆ: ಹೊಲದಂಚಿನ ಕಂಬದ ನೆತ್ತಿಯಿಂದ ನೆಲಕ್ಕೆ ಓರೆಯಾಗಿ ಇಳಿದ ಸ್ಟೇ ವೈರ್. ಘಟಕ ಎಷ್ಟೇ ಉತ್ಪಾದಿಸಲಿ, ಮಾನ್ವಿಯ ಕೊನೆಯ ಪಂಪ್‌ಸೆಟ್‌ಗೆ, ದೇವದುರ್ಗದ ಹೊರವಲಯದ ಮನೆಗೆ ಕರೆಂಟು ತಲುಪಬೇಕಾದರೆ ಆ ತಂತಿ ಬಿಗಿಯಾಗಿರಬೇಕು. ಸ್ಟೇ ಕಟ್ಟುವುದನ್ನು ಕಂಬ ನೆಟ್ಟಮೇಲಿನ ಚಿಲ್ಲರೆ ಕೆಲಸವೆಂದು ಬಗೆಯುವುದು ತಪ್ಪು. ಅದು ಲೆಕ್ಕವೂ ಕೈಚಳಕವೂ ಕೂಡಿದ ಕಸುಬು ಎಂಬುದು ಈ ಲೇಖನದ ವಾದ.

ಇದೇ ಕಸುಬು ಕಡಲಿನಲ್ಲೂ ಇದೆ. ಶಕ್ತಿನಗರದ ಬಳಿ ಕೃಷ್ಣೆ ದಾಟಿಸುವ ಹರಿಗೋಲಿಗೆ ಕೂವೆಕಂಬವಿಲ್ಲ, ಹಾಯಿಯೂ ಇಲ್ಲ. ಆದರೆ ಹಾಯಿದೋಣಿಯ ಕೂವೆಕಂಬ ಎದುರಿಸುವ ಪ್ರಶ್ನೆಯನ್ನೇ ದಂಡೆಯ ಮೇಲಿನ ವಿದ್ಯುತ್ ಕಂಬವೂ ಎದುರಿಸುತ್ತದೆ. ಹಾಯಿಗೆ ಗಾಳಿ ಬಡಿದಾಗ ಕೂವೆಕಂಬದ ಮೇಲ್ತುದಿ ಪಕ್ಕಕ್ಕೆ ವಾಲುತ್ತದೆ; ಎರಡೂ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಬಿಗಿದ ಹಗ್ಗ ಅಥವಾ ಉಕ್ಕಿನ ತಂತಿಗಳು ಅದನ್ನು ಹಿಡಿದಿಡುತ್ತವೆ. ವಿದ್ಯುತ್ ಮಾರ್ಗ ನೆಟ್ಟಗೆ ಸಾಗುವಷ್ಟು ದೂರ ಕಂಬದ ಎರಡೂ ಕಡೆಯ ಎಳೆತ ಸರಿಸಮ. ಮಾರ್ಗ ತಿರುಗಿದಲ್ಲಿ, ಕೊನೆಗೊಂಡಲ್ಲಿ ಎಳೆತವೆಲ್ಲ ಒಂದೇ ಕಡೆ. 9 ಮೀಟರ್ ಕಂಬವನ್ನು ಸಾಮಾನ್ಯವಾಗಿ ಅದರ ಉದ್ದದ ಆರನೇ ಒಂದು ಭಾಗ, ಅಂದರೆ ಒಂದೂವರೆ ಮೀಟರ್ ಹೂಳುತ್ತಾರೆ. ದಿನದ 24 ತಾಸೂ ಒಂದೇ ಕಡೆ ಜಗ್ಗುವ ತಂತಿಗಳಿಗೆ ಅಷ್ಟು ಹೂತದ್ದು ಸಾಲದು. ಮಾರ್ಗ 60 ಡಿಗ್ರಿ ತಿರುಗಿದರೆ ಕಂಬದ ಮೇಲೆ ಬೀಳುವ ಪಕ್ಕದೆಳೆತ, ತಂತಿಗಳ ಪೂರ್ತಿ ಎಳೆತಕ್ಕೇ ಸಮ.

ಸ್ಟೇ ಎಷ್ಟು ಓರೆಯಾಗಿದೆ ಎಂಬುದರಲ್ಲೇ ಅದರ ಮೇಲಿನ ಹೊರೆ ಅಡಗಿದೆ. ಕಂಬದ ತುದಿಯಲ್ಲಿ 600 ಕಿಲೋ ಎಳೆತ ಇದೆಯೆಂದಿಟ್ಟುಕೊಳ್ಳೋಣ. ಕಂಬಕ್ಕೂ ಸ್ಟೇಗೂ ನಡುವೆ 45 ಡಿಗ್ರಿ ಇದ್ದರೆ ಸ್ಟೇ ತಡೆಯಬೇಕಾದದ್ದು ಸುಮಾರು 850 ಕಿಲೋ. 30 ಡಿಗ್ರಿಗೆ ಇಳಿದರೆ 1,200. ಜಾಗ ಇಲ್ಲವೆಂದು ಕಂಬದ ಬುಡದಲ್ಲೇ, 15 ಡಿಗ್ರಿಯಲ್ಲಿ ಕಟ್ಟಿದರೆ 2,300 ದಾಟುತ್ತದೆ, ಕಂಬವನ್ನು ಕೆಳಕ್ಕೆ ಒತ್ತುವ ಭಾರವೂ ಅದರೊಂದಿಗೆ ಏರುತ್ತದೆ. ದೋಣಿಯ ಅಗಲ ಕಡಿಮೆ, ಆದ್ದರಿಂದ ಅಲ್ಲಿ ಕೋನ ಕಿರಿದಾಗಲೇಬೇಕು. ಕೂವೆಕಂಬದ ನಡುವೆ ಅಡ್ಡ ತೋಳುಗಳನ್ನಿಟ್ಟು ತಂತಿಯನ್ನು ಹೊರಕ್ಕೆ ತಳ್ಳಿ ಆ ಕೊರತೆ ನೀಗಿಸುತ್ತಾರೆ. ಹೊಲದಲ್ಲಿ ಅಂಥ ಇಕ್ಕಟ್ಟಿಲ್ಲ. ಆದರೂ ಸ್ಟೇ ಕಂಬಕ್ಕೆ ಅಂಟಿಕೊಂಡಂತೆ ಇಳಿದಿದ್ದರೆ, ಅಲ್ಲಿ ಲೆಕ್ಕ ಬಿಟ್ಟುಹೋಗಿದೆ ಎಂದೇ ಅರ್ಥ.

ಕಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ಗುಂಡಿ, ಅದರ ತಳದಲ್ಲಿ ಚೌಕದ ಕಬ್ಬಿಣದ ಪ್ಲೇಟು, ಪ್ಲೇಟಿನ ನಡುವಿನಿಂದ ಎದ್ದು ಬರುವ ಸ್ಟೇ ರಾಡ್. ರಾಡನ್ನು ನೆಟ್ಟಗೆ ನಿಲ್ಲಿಸಿ ಮಣ್ಣು ತುಂಬಿದರೆ, ಬಿಗಿದ ಮೇಲೆ ಅದು ಮಣ್ಣನ್ನು ಸೀಳಿಕೊಂಡು ಕಂಬದತ್ತ ಬಾಗುತ್ತದೆ, ಬಿಗಿ ಸಡಿಲುತ್ತದೆ. ಆದ್ದರಿಂದ ರಾಡ್ ಮೊದಲೇ ಸ್ಟೇಯ ಓರೆಯಲ್ಲೇ ಕೂರಬೇಕು. ಮೇಲಿನಿಂದ ಬರುವ ತಂತಿ ಏಳು ಎಳೆಗಳ ಗ್ಯಾಲ್ವನೈಸ್ಡ್ ಉಕ್ಕಿನದು. ಅದನ್ನು ಕುಣಿಕೆ ಸವೆಯದಂತೆ ಕಾಯುವ ಲೋಹದ ಥಿಂಬಲ್ ಸುತ್ತ ಬಳಸಿ, ತುದಿಯ ಎಳೆಗಳನ್ನು ಬಿಚ್ಚಿ, ಒಂದೊಂದನ್ನೇ ಒತ್ತೊತ್ತಾಗಿ ಸುತ್ತಿ ಮುಗಿಸುತ್ತಾರೆ. ಮಾರ್ಗದ ತಂತಿ ಎಳೆಯುವ ಮೊದಲೇ ಸ್ಟೇ ಬಿಗಿಯಾಗಬೇಕು. ಪಳಗಿದ ಲೈನ್‌ಮನ್ ಕಂಬವನ್ನು ಸ್ಟೇಯ ಕಡೆಗೆ ತುಸು ವಾಲಿಸಿಯೇ ಬಿಡುತ್ತಾನೆ. ತಂತಿಗಳ ಜಗ್ಗಾಟ ಬಿದ್ದಾಗ ಅದು ನೆಟ್ಟಗಾಗುತ್ತದೆ. ಸ್ಟೇಯ ನಡುವೆ ಕೂರುವ ಮೊಟ್ಟೆಯಾಕಾರದ ಪಿಂಗಾಣಿ ಇನ್ಸುಲೇಟರ್ ಇನ್ನೊಂದು ಜಾಣತನ. ಅದರ ಎರಡು ತೂತುಗಳು ಒಂದಕ್ಕೊಂದು ಅಡ್ಡಲಾಗಿವೆ, ಎರಡೂ ತಂತಿಯ ಕುಣಿಕೆಗಳು ಒಂದರೊಳಗೊಂದು ಹಾಯ್ದಿರುತ್ತವೆ. ಪಿಂಗಾಣಿ ಒಡೆದರೂ ಕುಣಿಕೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಕಂಬ ಬೀಳುವುದಿಲ್ಲ. ಆಗ ಹೋಗುವುದು ವಿದ್ಯುತ್ತನ್ನು ತಡೆಯುವ ಗುಣ, ಮತ್ತು ಅದು ಕೆಳಗೆ ನಿಂತವರ ಕಣ್ಣಿಗೆ ಬೀಳುವುದಿಲ್ಲ.

ರಾಯಚೂರು ಜಿಲ್ಲೆಯಲ್ಲಿ ಇದೆಲ್ಲಕ್ಕೂ ಸವಾಲು ಒಡ್ಡುವುದು ಎರೆ ಮಣ್ಣು. ಪ್ಲೇಟನ್ನು ಹಿಡಿದಿಡುವುದು ಅದರ ಮೇಲಿನ ಮಣ್ಣಿನ ತೂಕ ಮತ್ತು ಬಿಗಿತ. ಎರೆಭೂಮಿ ನೀರುಂಡರೆ ಉಬ್ಬಿ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿಗೆ, ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗಕ್ಕೆ ನೀರು ಬಂದಮೇಲೆ, ಒಣಬೇಸಾಯದ ಎಷ್ಟೋ ಹೊಲಗಳು ತಿಂಗಳುಗಟ್ಟಲೆ ನೀರು ನಿಲ್ಲುವ ಗದ್ದೆಗಳಾದವು. ಒಣಹೊಲದ ನೆಲವನ್ನು ನಂಬಿ ಹೂತ ಪ್ಲೇಟು ಈಗ ಕೆಸರಿನಲ್ಲಿದೆ. ಇಂಥಲ್ಲಿ ಗುಂಡಿಗೆ ಕಾಂಕ್ರೀಟ್ ಹಾಕುವುದು, ಸ್ಟೇಯನ್ನು ಗದ್ದೆಯ ನಡುವೆ ಇಳಿಸದೆ ಒಡ್ಡಿನ ಮೇಲೆ ತರುವುದು ಆಗಲೇಬೇಕಾದ ಕೆಲಸ.

ಸ್ಟೇ ಎಂದರೆ ರೈತರಿಗೆ ಸಿಟ್ಟು. ಸಿಟ್ಟಿಗೆ ಕಾರಣವೂ ಇದೆ: ಟ್ರ್ಯಾಕ್ಟರ್ ತಿರುಗುವಲ್ಲೇ ತಂತಿ ಅಡ್ಡ, ಅದನ್ನು ಮುಟ್ಟಿ ಎಮ್ಮೆ ಸತ್ತರೆ ಕೇಳುವವರಾರು? ಹಾಗೆಂದು ತಂತಿಯನ್ನು ಸಡಿಲಿಸುವುದು, ಕತ್ತರಿಸುವುದು ಅಪಾಯವನ್ನು ದೊಡ್ಡದು ಮಾಡುತ್ತದೆ. ವಾಲಿದ ಕಂಬದ ತಂತಿ ಜೋತು ಎತ್ತಿನಗಾಡಿಯ ಎತ್ತರಕ್ಕೆ ಬರುತ್ತದೆ. ಜಾಗವೇ ಇಲ್ಲದ ಕಡೆ ಎದುರು ಬದಿಯಿಂದ ಆನಿಸಿ ನಿಲ್ಲಿಸುವ ಸ್ಟ್ರಟ್ ಕಂಬಕ್ಕೆ ಅವಕಾಶವಿದೆ, ಅದನ್ನು ಕೇಳಿ ಪಡೆಯುವ ಹಕ್ಕು ರೈತನಿಗೆ ಇರಬೇಕು. ಶಾಕ್ ವಿಷಯಕ್ಕೆ ನಿಯಮ ಸ್ಪಷ್ಟವಾಗಿದೆ: ಸ್ಟೇಗೆ ಅರ್ಥಿಂಗ್ ಇರಬೇಕು, ಇಲ್ಲವೇ ನೆಲದಿಂದ ಕನಿಷ್ಠ 3 ಮೀಟರ್ ಎತ್ತರದಲ್ಲಿ ಇನ್ಸುಲೇಟರ್ ಇರಬೇಕು. ಮಳೆಗಾಲದ ಹಸಿಬಳ್ಳಿ ಸ್ಟೇ ಹಿಡಿದು ಹತ್ತಿ ಆ ಪಿಂಗಾಣಿಯನ್ನು ದಾಟಿದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಎಲ್ಲವನ್ನೂ ನೆಲದಡಿ ಕೇಬಲ್ ಮಾಡಿದರಾಯಿತು, ಇಲ್ಲವೇ ಸ್ಟೇ ಬೇಡದ ಗಟ್ಟಿ ಕಂಬ ಹಾಕಿದರಾಯಿತು ಎನ್ನುವವರಿದ್ದಾರೆ. ರಾಯಚೂರು ನಗರದ ಇಕ್ಕಟ್ಟಿನ ಬೀದಿಗಳಿಗೆ ಆ ಮಾತು ಒಪ್ಪುತ್ತದೆ. ಹತ್ತಾರು ಮೈಲಿ ಹೊಲ ಹಾದು ಬೆರಳೆಣಿಕೆಯ ಪಂಪ್‌ಸೆಟ್ ತಲುಪುವ ಮಾರ್ಗಕ್ಕೆ ಆ ಖರ್ಚು ಎಟುಕದು, ಉಬ್ಬಿ ಕುಗ್ಗುವ ಎರೆಯಲ್ಲಿ ಕೆಟ್ಟ ಕೇಬಲ್ ಹುಡುಕಿ ಅಗೆಯುವುದೂ ಸುಲಭವಲ್ಲ. ಸ್ಟೇ ಸಡಿಲಾದರೆ ಕಣ್ಣಿಗೆ ಕಾಣುತ್ತದೆ, ಸ್ಪ್ಯಾನರ್ ಹಿಡಿದವನ ಕೈಗೆ ಸಿಗುತ್ತದೆ. ಮುಂಗಾರಿಗೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಯಲು ಬರುವ, ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನ ಸಿಬ್ಬಂದಿಯ ಪಟ್ಟಿಗೆ ಇಷ್ಟು ಸೇರಲಿ: ತಿರುವಿನ, ಕೊನೆಯ ಕಂಬಗಳಲ್ಲಿ ಸ್ಟೇ ಬಿಗಿಸುವ ತಿರುಪು, ಅಂದರೆ ಟರ್ನ್‌ಬಕಲ್‌ನ ಬಿಗಿ, ಪಿಂಗಾಣಿಯ ಸ್ಥಿತಿ, ರಾಡಿನ ಬುಡದ ತುಕ್ಕು. ಕಾಲುವೆಗೆ ನೀರು ಬಿಟ್ಟು ಗದ್ದೆ ತುಂಬಿದ ಮೇಲೆ ಟರ್ನ್‌ಬಕಲ್‌ಗಳನ್ನು ಇನ್ನೊಮ್ಮೆ ನೋಡಬೇಕು.