ವಿಷವೈದ್ಯವೂ ಮತಖಂಡನೆಯೂ

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ತೀರದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿ ಮೆರೆಯುತ್ತಿದ್ದ 9ನೆಯ ಶತಮಾನದಲ್ಲಿ, ನೃಪತುಂಗನ ಸಭೆಯೊಳಗೆ ವಿದ್ವಾಂಸರೂ ವೈದ್ಯರೂ ನೆರೆದಿರಲು, ಉಗ್ರಾದಿತ್ಯಾಚಾರ್ಯನೆಂಬ ಜೈನಮುನಿಯು ಮಾಂಸವು ಔಷಧವಾಗಲಾರದೆಂದು ವಾದಿಸಿದನು. ಆ ವಾದವು ಅವನ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥದ ಕೊನೆಯಲ್ಲಿ ಹಿತಾಹಿತಾಧ್ಯಾಯವಾಗಿ ಉಳಿದುಬಂದಿದೆ. ಮದ್ಯ, ಮಾಂಸ, ಜೇನುಗಳನ್ನು ವರ್ಜಿಸಿಯೇ ಚಿಕಿತ್ಸೆ ನಡೆಸಬೇಕೆಂಬುದು ಅವನ ನಿಲುವು. ಧರ್ಮವಿವಾದವು ಹೀಗೆ ರೋಗಿಯ ಮದ್ದಿನ ಬಟ್ಟಲಿನವರೆಗೂ ಇಳಿದಿತ್ತು.

ಆದಿಕಾಲದ ಕ್ರೈಸ್ತ ಲೇಖಕರಲ್ಲಾದರೋ ವೈದ್ಯವು ಉಪಮಾನವಾಗಿ ಬಂದಿತು. ಅಂತಿಯೋಕ್ಯದ ಇಗ್ನೇಷಿಯಸನು, ಭಿನ್ನಮತವನ್ನು ಬೋಧಿಸುವವರು ಜೇನು ಬೆರೆಸಿದ ದ್ರಾಕ್ಷಾರಸದಲ್ಲಿ ವಿಷವಿಕ್ಕುವವರಂತೆ ಎಂದನು. 4ನೆಯ ಶತಮಾನದಲ್ಲಿ ಸೈಪ್ರಸ್ ದ್ವೀಪದ ಬಿಷಪ್ ಎಪಿಫೇನಿಯಸನು 80 ಪಂಥಗಳನ್ನು ಎಣಿಸಿ, ಅವುಗಳಲ್ಲಿ ಅನೇಕವನ್ನು ಸರ್ಪಗಳಿಗೂ ವಿಷಜಂತುಗಳಿಗೂ ಹೋಲಿಸಿ, ಕಚ್ಚಿಸಿಕೊಂಡವರಿಗೆ ಪ್ರತ್ಯೌಷಧವಾಗಲೆಂದು ತಾನು ಬರೆದ ಖಂಡನಗ್ರಂಥಕ್ಕೆ ಔಷಧಪೆಟ್ಟಿಗೆಯೆಂದೇ ಹೆಸರಿಟ್ಟನು. ಈ ಉಪಮೆಯಲ್ಲಿ ಅಡಗಿರುವ ನಿಷ್ಠುರತೆ ನನ್ನನ್ನು ಕಳವಳಗೊಳಿಸುತ್ತದೆ. ಎದುರಾಳಿಯನ್ನು ಒಮ್ಮೆ ಹಾವೆಂದು ಕರೆದ ಮೇಲೆ ಅವನೊಡನೆ ಮಾತುಕತೆಗೆ ಎಡೆಯೆಲ್ಲಿ?

ನಮ್ಮ ಜೈನರೂ ಪರಮತವನ್ನು ಕಟುವಾಗಿಯೇ ಖಂಡಿಸಿದರು. ಆದರೂ ಚಾವುಂಡರಾಯನ ಗುರು ನೇಮಿಚಂದ್ರನು ‘ಗೊಮ್ಮಟಸಾರ’ದಲ್ಲಿ ಮಿಥ್ಯಾದೃಷ್ಟಿಯನ್ನು, ಎಂದರೆ ತಪ್ಪು ನಂಬಿಕೆಯುಳ್ಳವನನ್ನು, ಜ್ವರಪೀಡಿತನಿಗೆ ಹೋಲಿಸುತ್ತಾನೆ: ಜ್ವರ ಬಂದವನಿಗೆ ಮಧುರರಸವು ಹೇಗೆ ರುಚಿಸದೋ ಹಾಗೆ ಇವನಿಗೆ ಧರ್ಮವು ರುಚಿಸದು. ಇಲ್ಲಿ ಕೆಟ್ಟಿರುವುದು ನಾಲಗೆಯ ರುಚಿ, ಮನುಷ್ಯನು ವಿಷಜಂತುವಾಗಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಸ್ತೂಪ ಕಟ್ಟಿ ಆರಾಧಿಸಿದ ಬೌದ್ಧರ ಪರಂಪರೆಯೂ ಬುದ್ಧನನ್ನು ಮಹಾವೈದ್ಯನೆಂದು ಭಾವಿಸಿತು. ಆ ವೈದ್ಯನು ಗುರುತಿಸಿದ ರೋಗವು ಪರಪಂಥದವರಿಗೆ ಮಾತ್ರ ತಗುಲಿದುದಲ್ಲ, ಹುಟ್ಟಿದವರೆಲ್ಲರ ದುಃಖವದು.